ಬಾವಿ ಮುಚ್ಚಿದವರ ದುಬೈ ಯಾತ್ರೆ

ಈಚಿನ ಕೆಲವು ವರ್ಷಗಳಿಂದ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಹೊಸ ಪುರಾಣಶ್ರವಣ ನಡೆಯುತ್ತಿದೆ. ಅದು ದುಬೈ ಪುರಾಣ. ಚಾಮರಾಜಪೇಟೆಯ ಛತ್ರದಲ್ಲಿ ಊಟದೆಲೆಯ ಮುಂದೆ ಕೂತರೂ ಅದೇ, ಬಸವನಗುಡಿಯ ಪಾರ್ಕಿನ ಬೆಂಚಿನ ಮೇಲೂ ಅದೇ, ಮಲ್ಲೇಶ್ವರದ ನೆಂಟರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದಕ್ಕೆ ಕಾದಿರುವಾಗಲೂ ಅದೇ. ಮಗನೋ ಅಳಿಯನೋ ಅಲ್ಲಿ ಕೆಲಸದಲ್ಲಿರುತ್ತಾನೆ. ಇಲ್ಲವೇ ಪ್ರವಾಸದ ಏಜೆಂಟರೊಬ್ಬರು ನಾಲ್ಕು ರಾತ್ರಿ, ಐದು ಹಗಲು ಎಂದು ಲೆಕ್ಕ ಮಾಡಿ ಕಳಿಸಿರುತ್ತಾರೆ. ಮಾರ್ಚಿ ತಿಂಗಳಲ್ಲಿ ಹೋಗುತ್ತಾರೆ, ಬಿಸಿಲು ನೆತ್ತಿಗೇರುವ ಮೊದಲು ಹಿಂತಿರುಗುತ್ತಾರೆ. ಬಂದವರು ಖರ್ಜೂರದ ಪೊಟ್ಟಣವನ್ನು ಕೈಗಿಡುತ್ತ ಆಡುವ ಮೊದಲ ಮಾತು: "ಊರು ಅಂದರೆ ಅದು ಸ್ವಾಮಿ! ನಮ್ಮದೂ ಒಂದು ಊರೇ?"

ಈ ಕಡೆಯ ಮಾತಿನ ಮೇಲೆಯೇ ನನ್ನ ತಕರಾರು. ಹೋಗಬೇಡಿ ಎನ್ನುವವನು ನಾನಲ್ಲ. ನಾನೂ ಹೋಗಿ ಬಂದವನೇ, ಖರ್ಜೂರ ಹಂಚಿದವನೇ. ಹಂಚುವಾಗ ಆ ಮಾತು ನನ್ನ ನಾಲಗೆಯ ತುದಿಗೂ ಬಂದಿತ್ತು. ಆಡದೆ ನುಂಗಿಕೊಂಡೆ. ಏಕೆ ನುಂಗಿಕೊಂಡೆ ಎಂಬುದನ್ನು ವಾಚಕರ ಮುಂದಿಡುವುದಕ್ಕಾಗಿ ಈ ಬರಹ.

ನಮ್ಮ ಮನೆ ಇರುವುದು ಕಲಾಸಿಪಾಳ್ಯದಲ್ಲಿ. ದುಬೈ ನೋಡಿ ಬಂದವರು ಬೆಂಗಳೂರನ್ನು ಬೈಯಬೇಕೆಂದಾಗ ಮೊದಲು ಬೆರಳು ತೋರಿಸುವುದು ಇಂಥ ಜಾಗಕ್ಕೇ. ತರಕಾರಿ ಮಂಡಿ, ಲಾರಿ ಆಫೀಸುಗಳು, ಖಾಸಗಿ ಬಸ್ಸಿನ ಏಜೆಂಟರು, ರಾತ್ರಿಯಿಡೀ ಹಾರನ್ನು, ಬೆಳಗಾದರೆ ಕಾಲಿಟ್ಟಲ್ಲೆಲ್ಲ ಕೋಸಿನ ಎಲೆ. 2023ರಲ್ಲಿ ಹೊಸ ಬಸ್ ನಿಲ್ದಾಣವಾಯಿತು. ಅಷ್ಟರಮಟ್ಟಿಗೆ ಪ್ರಯಾಣಿಕರಿಗೆ ಕೆಸರು ತಪ್ಪಿತು. ಟಿಪ್ಪುವಿನ ಬೇಸಿಗೆ ಅರಮನೆ ಕೂಗಳತೆಯಲ್ಲಿದೆ. 1791ರಲ್ಲಿ ಮುಗಿದ ಆ ಕಟ್ಟಡದ ಮರದ ಕಂಬಗಳ ತಂಪಿನಲ್ಲಿ ನಿಂತಾಗಲೂ ಲಾರಿಯ ಸದ್ದು ಕಿವಿಗೆ ಬಡಿಯುತ್ತದೆ. ಇದೆಲ್ಲವನ್ನೂ ಸುಂದರವೆಂದು ಸಾಧಿಸುವ ಹಟ ನನಗಿಲ್ಲ.

2025ರ ಯುಗಾದಿಗೆ ನನ್ನ ತಂಗಿಯ ಮಗ ನಮ್ಮಿಬ್ಬರನ್ನೂ ಅಲ್ಲಿಗೆ ಕರೆಸಿಕೊಂಡ. ಮಾರ್ಚಿ 28ರ ಶುಕ್ರವಾರ ಇಳಿದೆವು. ನಾಲ್ಕು ದಿನ ಇದ್ದೆವು. ಹೊಗಳಬೇಕಾದ್ದನ್ನು ಮೊದಲು ಹೊಗಳಿಬಿಡುತ್ತೇನೆ. 2009ರಲ್ಲಿ ಆರಂಭವಾದ ಅಲ್ಲಿಯ ಮೆಟ್ರೋ ರೈಲಿಗೆ ಚಾಲಕನೇ ಇಲ್ಲ. ನಾನು ಮಗುವಿನಂತೆ ಮುಂದಿನ ಗಾಜಿಗೆ ಮೂಗು ಹಚ್ಚಿ ನಿಂತೆ. ರಸ್ತೆ ದಾಟಲು ಕಾಲಿಟ್ಟರೆ ಕಾರು ನಿಲ್ಲುತ್ತದೆ. 828 ಮೀಟರ್ ಎತ್ತರದ ಬುರ್ಜ್ ಖಲೀಫಾವನ್ನು ನೋಡಲು ಕತ್ತು ಹಿಂದಕ್ಕೆ ಬಾಗಿಸಿ ನನ್ನ ಹೆಂಡತಿಗೆ ಕುತ್ತಿಗೆ ಹಿಡಿಯಿತು. ಹೊರಗೆ ಮರಳು ಸುಡುತ್ತಿರುವಾಗ ಒಳಗೆ ಹಿಮದ ಮೇಲೆ ಜಾರುವ ಜಾಗವೊಂದನ್ನು ಮಾಡಿಟ್ಟಿದ್ದಾರೆ. ಅದಕ್ಕೆ ಮಾತ್ರ ನಾನು ಹೋಗಲಿಲ್ಲ. ಒಂದು ದಿರ್ಹಂ ಕೊಟ್ಟು ಖಾರಿಯ ಈ ದಡದಿಂದ ಆ ದಡಕ್ಕೆ ಅಬ್ರಾ ಎಂಬ ಮರದ ದೋಣಿಯಲ್ಲಿ ದಾಟಿದ್ದು ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಹಿಡಿಸಿದ ಸವಾರಿ.

ಭಾನುವಾರ 30ನೆಯ ತಾರೀಕು ನಮಗೆ ಯುಗಾದಿ. ಅಂದೇ ಅವರಿಗೆ ಈದ್. ಕೆಳಗಡೆ ಹೊಸ ಬಟ್ಟೆಯ ಮಕ್ಕಳು ಓಡಾಡುತ್ತಿದ್ದರೆ ಮೇಲೆ ನಾವು ಎಣ್ಣೆ ನೀರು ಹಾಕಿಕೊಂಡು ಬೇವು ಬೆಲ್ಲ ತಿಂದೆವು. ಬೇವಿನ ಮರಗಳು ಆ ಊರಿನ ರಸ್ತೆ ಬದಿಯಲ್ಲೇ ಧಾರಾಳವಾಗಿವೆ. ಬೆಳಗ್ಗೆ ತಿರುಗಾಡುವಾಗ ಅವುಗಳ ಬುಡವನ್ನು ನೋಡಿದೆ. ಒಂದೊಂದು ಮರದ ಕಾಲಿಗೂ ಕಪ್ಪಗಿನ ಸಣ್ಣ ಕೊಳವೆ. ಅದರಿಂದ ತೊಟ್ಟು ತೊಟ್ಟಾಗಿ ನೀರು. ಊರಿನ ಕೊಳೆನೀರನ್ನೇ ಶುದ್ಧಿಮಾಡಿ ಹೀಗೆ ಮರಗಳಿಗೆ ಉಣಿಸುತ್ತಾರಂತೆ. ಆಸ್ಪತ್ರೆಯಲ್ಲಿ ರೋಗಿಯ ತೋಳಿಗೆ ಹಚ್ಚುವ ಗ್ಲೂಕೋಸ್ ನೆನಪಾಯಿತು. ನಲ್ಲಿ ನಿಂತ ದಿನ ಆ ಮರ ನಿಲ್ಲುವುದಿಲ್ಲ.

ಮನೆಯೊಳಗೂ ಅದೇ ಎಚ್ಚರ. ನನ್ನ ಹೆಂಡತಿ ಅಭ್ಯಾಸಬಲದಿಂದ ನಲ್ಲಿ ಬಿಟ್ಟುಕೊಂಡೇ ಪಾತ್ರೆ ತಿಕ್ಕುತ್ತಿದ್ದಳು. ಆ ಹುಡುಗನ ಹೆಂಡತಿ ಬಂದು, "ನೀವು ಬಿಡಿ ಅತ್ತೆ, ನಾನು ತೊಳೀತೀನಿ" ಎಂದು ಮರ್ಯಾದೆಯಿಂದಲೇ ನಲ್ಲಿ ನಿಲ್ಲಿಸಿದಳು. ಊಟಕ್ಕೆ ಕೂತಾಗ ಹುಡುಗ ಹೇಳಿದ: "ಮಾವ, ಇಲ್ಲಿ ಕುಡಿಯೋ ನೀರು ಅಂದರೆ ಸಮುದ್ರ. ಅದರ ಉಪ್ಪು ತೆಗೆದು ಕೊಡ್ತಾರೆ. ಬಿಲ್ಲು ಬಂದಾಗ ಪ್ರತಿ ಚೊಂಬಿನ ಲೆಕ್ಕ ಗೊತ್ತಾಗುತ್ತೆ."

ಪಕ್ಕದಲ್ಲಿದ್ದ ಅವನ ಎಂಟು ವರ್ಷದ ಮಗಳು ಕೇಳಿದಳು: "ತಾತ, ನಿಮ್ಮನೆಗೆ ನೀರು ಎಲ್ಲಿಂದ ಬರುತ್ತೆ?"

"ಕಾವೇರಿಯಿಂದ ಕಣಮ್ಮ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಕಾವೇರಿ ನಿಮ್ಮೂರಲ್ಲಿದೆಯಾ?"

"ಇಲ್ಲ, ನೂರು ಕಿಲೋಮೀಟರ್ ಆಚೆ."

ಮಗು ಒಂದು ಕ್ಷಣ ಯೋಚಿಸಿತು. "ಹಾಗಾದರೆ ನಮ್ಮ ಸಮುದ್ರವೇ ಹತ್ತಿರ!"

ಎಲ್ಲರೂ ನಕ್ಕರು. ನನಗೆ ಹೋಳಿಗೆ ಗಂಟಲಲ್ಲಿ ನಿಂತಿತು.

ಮಗು ಆಡಿದ್ದು ಅಕ್ಷರಶಃ ನಿಜ. ನಮ್ಮ ಜನ ಆ ಊರನ್ನು ಬೆರಗಿನಿಂದ ನೋಡುವುದು ನೀರಿಲ್ಲದ ಕಡೆ ನೀರು ತಂದರಲ್ಲ ಎಂದು. ನಾವೇನು ಮಾಡುತ್ತಿದ್ದೇವೆ? 1974ರಿಂದ ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಎತ್ತಿ ತರುತ್ತಿದ್ದೇವೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಸೇರಿತು. ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್. ಅವರು ಅನಿಲ ಉರಿಸಿ ಸಮುದ್ರದಿಂದ ನೀರು ಹಿಂಡುತ್ತಾರೆ, ನಾವು ಕರೆಂಟು ಸುಟ್ಟು ನದಿಯನ್ನು ಬೆಟ್ಟ ಹತ್ತಿಸುತ್ತೇವೆ. ಎರಡೂ ಕೊಂಡುತಂದ ನೀರೇ. ಹಾಗಿದ್ದಮೇಲೆ ಮರಳುಗಾಡಿನ ನಗರ ಯಾವುದು?

ಅವರಿಗಾದರೆ ಬೇರೆ ದಾರಿಯಿರಲಿಲ್ಲ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ನೂರು ಮಿಲಿಮೀಟರಿನ ಆಸುಪಾಸು. ಮುತ್ತಿನ ವ್ಯಾಪಾರ ಮುಳುಗಿದ ಮೇಲೆ ಅದು ಬಡ ಊರು. ಬಾವಿನೀರನ್ನು ಕತ್ತೆಗಳ ಮೇಲೆ ಹೇರಿ ಮನೆ ಮನೆಗೆ ಮಾರುತ್ತಿದ್ದ ಕಾಲವನ್ನು ಕಂಡವರು ಅಲ್ಲಿ ಇನ್ನೂ ಇದ್ದಾರೆ. ಎಣ್ಣೆ ಸಿಕ್ಕಿದ್ದು 1966ರಲ್ಲಿ. ಅದಕ್ಕೆ ಮೊದಲು ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಆ ಕಡೆಯ ಬಳಕೆಗೆಂದೇ ಬೇರೆ ನೋಟನ್ನು ಅಚ್ಚು ಹಾಕಿಸಿತ್ತು. ಆ ವರ್ಷವೇ ಅಲ್ಲಿ ವಿದ್ಯುತ್ ಕಂಪೆನಿ ಹುಟ್ಟಿದ್ದು. ನಮ್ಮ ಸಿಟಿ ಮಾರ್ಕೆಟ್ಟಿನ ಬಳಿ ಬೀದಿ ದೀಪ ಹತ್ತಿದ್ದು 1905ರ ಆಗಸ್ಟಿನಲ್ಲಿ. ಲೆಕ್ಕ ಹಾಕಿದರೆ ನಾವು ಅವರಿಗಿಂತ ಐವತ್ತು ವರ್ಷ ಮುಂದೆ ಹೊರಟವರು.

ನೀರಿನಲ್ಲಂತೂ ನಾನೂರು ವರ್ಷ ಮುಂದೆ. ನಮ್ಮ ಮನೆಯಿಂದ ಕಾಲ್ನಡಿಗೆಯಲ್ಲಿ ಹೊರಟರೆ ಸಾಕು, ಸತ್ತುಹೋದ ಕೆರೆಗಳ ಶ್ರಾದ್ಧದ ಪಟ್ಟಿ ಸಿದ್ಧವಾಗುತ್ತದೆ. ಹೂವು, ತರಕಾರಿ ಮಾರುವ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಂತಿರುವುದು ಸಿದ್ದಿಕಟ್ಟೆಯ ಮೇಲೆ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಧರ್ಮಾಂಬುಧಿಯ ಅಂಗಳದಲ್ಲಿ. ಸಂಪಂಗಿ ಕೆರೆಯಲ್ಲಿ ಈಗ ಓಟದ ಪಂದ್ಯಗಳು ನಡೆಯುತ್ತವೆ. ಅದಕ್ಕೆ ಕಂಠೀರವ ಕ್ರೀಡಾಂಗಣವೆಂದು ಹೆಸರು. ಬಸವನಗುಡಿಯ ಕಾರಂಜಿ ಕೆರೆಯ ಹೆಸರನ್ನು ಪಾಪ ಆಂಜನೇಯಸ್ವಾಮಿ ಒಬ್ಬನೇ ಇಟ್ಟುಕೊಂಡು ಕಾಯುತ್ತಿದ್ದಾನೆ. ಗವಿಪುರದ ಕೆಂಪಾಂಬುಧಿ ಮಾತ್ರ ಜೀವ ಹಿಡಿದುಕೊಂಡಿದೆ. ಅದಕ್ಕೂ ಊರಿನ ಚರಂಡಿಯನ್ನು ಕುಡಿಸಿದ್ದೇವೆ. ಇಷ್ಟೂ ಒಬ್ಬ ಮುದುಕ ಒಂದು ಬೆಳಗ್ಗೆ ನಡೆದು ನೋಡಿ ಬರಬಹುದಾದ ದೂರ. ಇತ್ತ 2018ರಿಂದ ನಮ್ಮ ಕೊಳೆನೀರನ್ನು ತೊಳೆದು ಕೋಲಾರದ ಕೆರೆಗಳಿಗೆ ಕಳಿಸುತ್ತಿದ್ದೇವೆ. ತುಂಬಿಸಲು ನಮ್ಮಲ್ಲೇ ಕೆರೆ ಉಳಿದಿದ್ದರೆ ತಾನೆ!

ಸರ್ಕಾರವನ್ನು ಬೈದು ಮುಗಿಸಬಹುದಿತ್ತು. ಅದು ಸುಲಭ, ವಾರಕ್ಕೊಮ್ಮೆ ಎಲ್ಲರೂ ಮಾಡುತ್ತೇವೆ. ಆದರೆ ಆ ಮಗುವಿನ ಮಾತಿಗೆ ನನ್ನ ಗಂಟಲು ಕಟ್ಟಿದ್ದು ಕೆರೆಗಳನ್ನು ನೆನೆದಲ್ಲ; ನಮ್ಮ ಹಿತ್ತಲನ್ನು ನೆನೆದು.

ನಮ್ಮ ಮನೆಯ ಹಿಂದೆ ಬಾವಿಯಿತ್ತು. ಮೂವತ್ತು ಅಡಿ ಆಳ, ಕಲ್ಲು ಕಟ್ಟಿದ ಬಾವಿ. ರಾಟೆಯ ಕೀರಲು ಸದ್ದಿಗೇ ನಾವು ಏಳುತ್ತಿದ್ದೆವು. ಕಡು ಬೇಸಗೆಯಲ್ಲಿ ಹಗ್ಗಕ್ಕೆ ಇನ್ನೊಂದು ಮಾರು ಸೇರಿಸಬೇಕಾಗುತ್ತಿತ್ತೇ ಹೊರತು ಕೊಡ ಬರಿದಾಗಿ ಮೇಲೆ ಬಂದದ್ದಿಲ್ಲ. ಲಾರಿಯ ಕ್ಲೀನರುಗಳು, ಹಮಾಲಿಗಳು ಹಿತ್ತಲ ಬಾಗಿಲಿನಿಂದ ಬಂದು ಮುಖ ತೊಳೆದು ಹೋಗುತ್ತಿದ್ದರು. ನಮ್ಮ ತಂದೆ ಯಾರಿಗೂ ಬೇಡವೆಂದವರಲ್ಲ. ಕಾವೇರಿ ನೀರು ನಲ್ಲಿಗೆ ಬಂತು, ರಾಟೆ ತುಕ್ಕು ಹಿಡಿಯಿತು. ತಂದೆ ತೀರಿಕೊಂಡ ಮೇಲೆ, 1982ರಲ್ಲಿ, ನಾನು ಆ ಬಾವಿಗೆ ಹಳೆಯ ಅಡಿಗೆಮನೆಯ ಗೋಡೆ ಕೆಡವಿದ ಮಣ್ಣನ್ನು ತುಂಬಿಸಿದೆ. ಮೇಲೆ ತಗಡಿನ ಶೆಡ್ಡು ಹಾಕಿಸಿ ಅಂಗಡಿಗೆ ಬಾಡಿಗೆಗೆ ಕೊಟ್ಟೆ. ಯಾವ ಮಂತ್ರಿಯೂ ಹೇಳಿರಲಿಲ್ಲ, ಯಾವ ಗುತ್ತಿಗೆದಾರನೂ ಒತ್ತಾಯ ಮಾಡಿರಲಿಲ್ಲ. ನಾನೇ ಮಾಡಿದ್ದು. ನಮ್ಮ ಬೀದಿಯಲ್ಲಿ ನಾನೊಬ್ಬನೇ ಅಲ್ಲ ಎಂಬುದಷ್ಟೇ ನನ್ನ ಸಮಾಧಾನ, ಊರಿನ ದುರ್ದೈವ.

2024ರ ಮಾರ್ಚಿಯನ್ನು ವಾಚಕರು ಮರೆತಿರಲಾರರು. ನಗರದ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. 6,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 600 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತು. ಆ ದರಕ್ಕೆ ನನಗೆ ಸಿಕ್ಕಲಿಲ್ಲ. ಮುಚ್ಚಿದ ಬಾವಿಯ ಮುಂದೆಯೇ ನಿಂತು ಟ್ಯಾಂಕರಿನವನ ಹತ್ತಿರ ಚೌಕಾಸಿ ಮಾಡಿದೆ. ಮರುವರ್ಷ ಯುಗಾದಿಗೆ ಮರಳುಗಾಡಿಗೆ ಹೋಗಿ, ಅಲ್ಲಿಯ ಕಾರಂಜಿ ಸಂಗೀತಕ್ಕೆ ತಕ್ಕಂತೆ ಕುಣಿಯುವುದನ್ನು ಕಂಡು ಚಪ್ಪಾಳೆ ತಟ್ಟಿದೆ.

ಸ್ವಲ್ಪ ಲೆಕ್ಕವನ್ನೂ ನೋಡೋಣ. ಬೆಂಗಳೂರಿಗೆ ವರ್ಷಕ್ಕೆ 900 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮದು 40–60ರ ನಿವೇಶನ. 900 ಎಂದೇ ಇಟ್ಟುಕೊಂಡರೂ ಅದರ ಮೇಲೆ ಬೀಳುವ ನೀರು ಎರಡು ಲಕ್ಷ ಲೀಟರ್. ಟ್ಯಾಂಕರಿನ ಲೆಕ್ಕದಲ್ಲಿ 33. ಇಷ್ಟನ್ನೂ ಆಕಾಶ ಪುಕ್ಕಟೆಯಾಗಿ ತಂದು ಮನೆಬಾಗಿಲಿಗೆ ಸುರಿಯುತ್ತದೆ, ನಾವು ಮೋರಿಗೆ ದಾರಿ ತೋರಿಸುತ್ತೇವೆ. ಇಂಥ ನಿವೇಶನಗಳಲ್ಲಿ ಮಳೆನೀರು ಹಿಡಿಯಲೇಬೇಕೆಂದು 2009ರಲ್ಲೇ ಕಾನೂನಾಗಿದೆ. ಹಿಡಿಯದವರಿಗೆ ಬಿಲ್ಲಿನ ಮೇಲೆ ದಂಡ. ನಮ್ಮ ಜನ ಏನು ಮಾಡಿದರು? ತಿಂಗಳು ತಿಂಗಳು ದಂಡ ಕಟ್ಟಿದರು, ಕೊಳವೆ ಹಾಕಿಸಲಿಲ್ಲ. ನಾನೂ ಅವರಲ್ಲೊಬ್ಬ. ದಂಡವೂ ಒಂದು ಬಗೆಯ ಬಾಡಿಗೆ ಎಂದುಕೊಂಡಿದ್ದೆ.

ಇನ್ನೊಂದು ತಮಾಷೆ. ದುಬೈಯಿಂದ ಬಂದ ಹತ್ತು ದಿನಕ್ಕೆ, 2025ರ ಏಪ್ರಿಲ್‌ನಲ್ಲಿ, ಜಲಮಂಡಳಿ ಹನ್ನೊಂದು ವರ್ಷಗಳ ಮೇಲೆ ನೀರಿನ ದರ ಏರಿಸಿತು. ಮನೆಬಳಕೆಗೆ ಏರಿದ್ದು ಲೀಟರಿಗೆ ಒಂದು ಪೈಸೆಯ ಒಳಗೇ. ಪಾರ್ಕಿನ ಬೆಂಚಿನಲ್ಲಿ ಭಾರಿ ಗದ್ದಲ. "ಇದು ಹಗಲು ದರೋಡೆ" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು, ಹಿಂದಿನ ವಾರ ತಾನೆ ದುಬೈಯ ಶಿಸ್ತನ್ನು ಕೊಂಡಾಡಿದ ಮಿತ್ರರು! ಆ ಶಿಸ್ತಿನ ಹಿಂದೆ ಇರುವುದೇ ನೀರಿನ ಬಿಲ್ಲು ಎಂಬುದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಕಟ್ಟಡ ಕಂಡಿದ್ದರು, ಕೊಳವೆ ಕಂಡಿರಲಿಲ್ಲ.

ನನ್ನ ಮಾತಿಗೆ ಅಡ್ಡ ಹಾಕುವವರು ಎರಡು ವಾದ ಹೂಡುತ್ತಾರೆ. ಕೆರೆಗಳೆಂದರೆ ಸೊಳ್ಳೆ, ಮಲೇರಿಯಾ. ಹಿರಿಯರು ಸುಮ್ಮನೆ ಮುಚ್ಚಲಿಲ್ಲ ಎನ್ನುವುದು ಮೊದಲನೆಯದು. ಅದರಲ್ಲಿ ಸತ್ಯವಿದೆ. ಆದರೆ ಸೊಳ್ಳೆ ಓಡಿಸಲು ಕೆರೆಯನ್ನೇ ಮುಚ್ಚುವುದು ಹೇನು ಹೋಗಲೆಂದು ತಲೆ ಕತ್ತರಿಸಿದಂತೆ. ಮೇಲಾಗಿ ಕೆರೆ ಹೋಯಿತು, ಸೊಳ್ಳೆ ಹೋಗಲಿಲ್ಲ. ಜನ ಹೆಚ್ಚಿದರು ಎನ್ನುವುದು ಎರಡನೆಯದು. ಹೌದು; 1971ರಲ್ಲಿ 16 ಲಕ್ಷ ಚಿಲ್ಲರೆಯಿದ್ದ ಊರು 2011ರ ಗಣತಿಯಲ್ಲಿ 84 ಲಕ್ಷವಾಯಿತು. ನನ್ನ ಬಾವಿಯಿಂದ ಅಷ್ಟು ಜನರ ದಾಹ ತೀರುತ್ತದೆಂದು ಹೇಳುವಷ್ಟು ಮರುಳು ನಾನಲ್ಲ. ಕಾವೇರಿ ಬೇಕು. ಆದರೆ ಕಾವೇರಿ ಬಂತೆಂದು ಬಾವಿಗೆ ಮಣ್ಣು ಹಾಕುವುದು ಯಾವ ನ್ಯಾಯ?

ಶುಚಿತ್ವದ ವಿಷಯವಾಗಿಯೂ ಒಂದು ಮಾತು ಉಳಿದಿದೆ. ಶನಿವಾರ ಸಂಜೆ ದೊಡ್ಡ ರಸ್ತೆಯೊಂದರಲ್ಲಿ ಕೆಲಸಗಾರರನ್ನು ತುಂಬಿದ ಬಸ್ಸುಗಳು ಸಾಲಾಗಿ ಹೋದವು. ಕಿಟಕಿಗೆ ತಲೆ ಆನಿಸಿ ನಿದ್ದೆಹೋದ ಮುಖಗಳು. ನಮ್ಮ ಕಡೆಯ ಮುಖಗಳೇ. "ಸೋನಾಪುರಕ್ಕೆ ಹೋಗ್ತಾರೆ ಮಾವ, ಅಲ್ಲಿ ಇವರ ವಸತಿ" ಎಂದ ಹುಡುಗ. ಚಿನ್ನದೂರು! ಆ ನಗರದಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೊರಗಿನವರು. ಕೆಲಸ ಇರುವವರೆಗೆ ವಾಸ. ಹೊರಗಿನವರಿಗೆ ಅಲ್ಲೇ ಹುಟ್ಟಿದ ಮಗುವೂ ಆ ನಾಡಿನ ಪ್ರಜೆಯಲ್ಲ. ಕಲಾಸಿಪಾಳ್ಯಕ್ಕೂ ದಿನಾ ಬಸ್ಸಿಳಿದು ಜನ ಬರುತ್ತಾರೆ. ಗಲೀಜು ಮಾಡುತ್ತಾರೆ, ಗಲಾಟೆ ಮಾಡುತ್ತಾರೆ. ಆದರೆ ನಮ್ಮ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ ಹಮಾಲಿಯೊಬ್ಬನ ಮಗ ಇಲ್ಲೇ ಓದಿ, ಇಲ್ಲೇ ಓಟು ಹಾಕಿ, ಈಗ ನನಗೆ ಕಾಗದಪತ್ರ ಬರೆದುಕೊಡುವ ವಕೀಲನಾಗಿದ್ದಾನೆ. ಬೀದಿಯ ಗುಡಿಸುವಿಕೆಯನ್ನು ದುಬೈಯಿಂದ ತರೋಣ; ಈ ಒಂದನ್ನು ಕೊಟ್ಟು ತರುವುದು ಬೇಡ.

ಆದರೆ ನಮ್ಮ ಊರಿನ ಹಿರಿಯರು ತರಲು ಹೊರಟಿರುವುದು ಗುಡಿಸುವುದನ್ನಲ್ಲ, ಗೋಪುರವನ್ನು. ಬೆಂಗಳೂರಿನಲ್ಲಿ 250 ಮೀಟರ್ ಎತ್ತರದ ವೀಕ್ಷಣಾ ಗೋಪುರ ಕಟ್ಟಲು 2024ರ ಆಗಸ್ಟಿನಲ್ಲಿ ಸಚಿವ ಸಂಪುಟ ಒಪ್ಪಿತು. ಸುಮಾರು 500 ಕೋಟಿ ರೂಪಾಯಿಯ ಅಂದಾಜು. ನೀರಿಗೆ ಸಾಲು ನಿಂತು ಇನ್ನೂ ಆರು ತಿಂಗಳಾಗಿರಲಿಲ್ಲ. ಅದನ್ನೇರಿ ನೋಡುವುದೇನನ್ನು? ಬೇಸಗೆಯಲ್ಲಿ ಟ್ಯಾಂಕರುಗಳನ್ನು, ಮಳೆಗಾಲದಲ್ಲಿ ಮುಳುಗಿದ ರಸ್ತೆಗಳನ್ನು. ಮಳೆಗೆ ದಾರಿ ಬಿಡದಿದ್ದರೆ ಎಷ್ಟು ಎತ್ತರದ ಗೋಪುರವಿದ್ದರೂ ಏನಾಗುತ್ತದೆಂಬುದನ್ನು ದುಬೈಯೇ 2024ರ ಏಪ್ರಿಲ್ 16ರಂದು ಕಂಡಿತು. ಎಪ್ಪತ್ತೈದು ವರ್ಷಗಳಲ್ಲಿ ಕಾಣದ ಮಳೆ. ವಿಮಾನಗಳು ಕೆರೆಯಲ್ಲಿ ಬಾತುಗಳಂತೆ ನಿಂತಿದ್ದವು. ಅವರು ಎರಡೇ ತಿಂಗಳಲ್ಲಿ ದೊಡ್ಡ ಮಳೆಕಾಲುವೆಯ ಯೋಜನೆ ಸಾರಿದರು. ನೋಡಿ ಕಲಿಯಬೇಕಾದ್ದು ಅದನ್ನು.

ಕಳೆದ ತಿಂಗಳು ನಾನು ಬಾವಿ ತೋಡುವವರನ್ನು ಕರೆಸಿದೆ. ಅವರಲ್ಲಿ ಹಿರಿಯನಾದವನು ಶೆಡ್ಡಿನೊಳಗೆ ಕಾಲಿನಿಂದ ನೆಲ ತಟ್ಟಿ, "ಇಲ್ಲೇ ಅಲ್ಲವಾ ಸ್ವಾಮಿ?" ಎಂದ. ಜಾಗ ಸರಿಯಾಗಿತ್ತು. ಕಲ್ಲಿನ ಕಟ್ಟಡ ಕೆಟ್ಟಿರುವುದಿಲ್ಲ, ಮಣ್ಣು ತೆಗೆದರೆ ಸಾಕು, ನೀರು ಕಾಣದಿದ್ದರೂ ಮಳೆನೀರು ಇಂಗಿಸಲು ಅದಕ್ಕಿಂತ ಒಳ್ಳೆಯ ಗುಂಡಿ ಬೇರೆಯಿಲ್ಲ ಎಂದ. ಮಗನಿಗೆ ಇಷ್ಟವಿಲ್ಲ. "ಅಪ್ಪ, ತಿಂಗಳು ತಿಂಗಳು ಬರೋ ಬಾಡಿಗೆ ಬಿಟ್ಟು ಗುಂಡಿ ತೋಡಿಸ್ತೀರಾ?" ಎನ್ನುತ್ತಾನೆ. ಅಂಗಡಿಯವನ ಕರಾರು ದಸರೆಗೆ ಮುಗಿಯುತ್ತದೆ. ಅಲ್ಲಿಯವರೆಗೆ ಇರಲೆಂದು ತಾರಸಿಯಿಂದ ಒಂದು ಕೊಳವೆಯನ್ನು ಸಂಪಿಗೆ ಇಳಿಸಿದೆ. ಮೊನ್ನೆಯ ಮಳೆಗೆ ಸಂಪು ತುಂಬಿ ಹರಿದು ಅವನ ಹಗ್ಗದ ಸುರುಳಿಗಳೆಲ್ಲ ನೆನೆದವು. ಅಂದಿನಿಂದ ಅವನಿಗೂ ನನಗೂ ಮಾತಿಲ್ಲ.